ಹೊಸ ತಳಿ ಬಂದರೂ ಏರದ ಇಳುವರಿ: ಕ್ವೀನ್ಸ್‌ಲ್ಯಾಂಡ್ ಕಬ್ಬಿನ ನೆಲದ ಪ್ರಕರಣ ಅಧ್ಯಯನ

1970ರಿಂದ 1990ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಆಸ್ಟ್ರೇಲಿಯಾದ ಕಬ್ಬು ಬೆಳೆಗಾರರಿಗೆ ಯಾವುದಕ್ಕೂ ಕೊರತೆ ಇರಲಿಲ್ಲ. ಸಂಶೋಧನಾ ಕೇಂದ್ರಗಳು ಒಂದರ ಹಿಂದೊಂದು ಹೊಸ ತಳಿಗಳನ್ನು ಬಿಡುಗಡೆ ಮಾಡಿದವು. ಕೈಯಿಂದ ಕಡಿಯುವುದು ಪೂರ್ತಿ ನಿಂತು ಯಂತ್ರದ ಕಟಾವು ಬಂತು. ರಸಗೊಬ್ಬರ, ಕಳೆನಾಶಕ, ದೊಡ್ಡ ಟ್ರ್ಯಾಕ್ಟರು ಎಲ್ಲವೂ ಕೈಗೆ ಸಿಗುವಂತಿದ್ದವು. ಆದರೂ ಹೆಕ್ಟೇರಿಗೆ ಸಿಗುವ ಸಕ್ಕರೆಯ ಪ್ರಮಾಣ ಆ ಅವಧಿಯಲ್ಲಿ ಹೆಚ್ಚುಕಡಿಮೆ ನಿಂತಲ್ಲೇ ನಿಂತಿತು. ಹೊಸ ತಳಿ ಹಳೆಯದಕ್ಕಿಂತ ಹೆಚ್ಚು ಕೊಡಲೇಬೇಕು. ಕೊಡುತ್ತಿಲ್ಲವೆಂದರೆ ತಳಿ ತಂದ ಲಾಭವನ್ನು ಮತ್ತೇನೋ ನುಂಗಿಹಾಕುತ್ತಿದೆ ಎಂದೇ ಅರ್ಥ. ಅದು ಯಾವುದು ಎಂದು ವರ್ಷಗಟ್ಟಲೆ ಹುಡುಕಿ, ಕೊನೆಗೆ ಬೇಸಾಯದ ಪದ್ಧತಿಯನ್ನೇ ಬಿಚ್ಚಿ ನೋಡಿದ ಪ್ರಕರಣ ಇದು.

ಕಬ್ಬಿನ ಇಳುವರಿ ಇಳಿದಾಗ ನಾವು ಸಾಮಾನ್ಯವಾಗಿ ಒಂದೇ ಒಂದು ಅಪರಾಧಿಯನ್ನು ಹುಡುಕುತ್ತೇವೆ. ತಳಿ ಹಳತಾಯಿತು, ಗೊಬ್ಬರ ಸಾಲಲಿಲ್ಲ, ಗೊಣ್ಣೆ ಹುಳು ಬಂತು, ನೀರು ತಪ್ಪಿತು ಎನ್ನುತ್ತೇವೆ. ಕ್ವೀನ್ಸ್‌ಲ್ಯಾಂಡಿನವರೂ ಮೊದಲು ಹಾಗೆಯೇ ಹುಡುಕಿದರು. ಅವರಿಗೆ ಸಿಕ್ಕಿದ್ದು ಒಂದಕ್ಕೊಂದು ಆತುಕೊಂಡು ನಿಂತ ನಾಲ್ಕು ರೂಢಿಗಳು: ಕಬ್ಬಿನ ಮೇಲೆ ಕಬ್ಬು, ಭಾರವಾದ ಯಂತ್ರಗಳ ಎಗ್ಗಿಲ್ಲದ ಓಡಾಟ, ಅತಿಯಾದ ಉಳುಮೆ ಮತ್ತು ರವದಿಗೆ, ಅಂದರೆ ಕಬ್ಬಿನ ಒಣ ಸೋಗೆಗೆ, ಬೆಂಕಿ. ಒಂದನ್ನು ಮಾತ್ರ ಸರಿಪಡಿಸಲು ಹೊರಟರೆ ಉಳಿದ ಮೂರು ಅದನ್ನು ಮತ್ತೆ ಹಳೆಯ ಜಾಗಕ್ಕೇ ಎಳೆದು ತರುತ್ತಿದ್ದವು. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಇದೇ.

ನೆಲ ಮತ್ತು ರೂಢಿ

ಆಸ್ಟ್ರೇಲಿಯಾದ ಕಬ್ಬಿನಲ್ಲಿ ಸುಮಾರು ಶೇಕಡ 95ರಷ್ಟು ಕ್ವೀನ್ಸ್‌ಲ್ಯಾಂಡ್ ರಾಜ್ಯದ್ದು. ಉತ್ತರದ ಮಾಸ್‌ಮನ್‌ನಿಂದ ಶುರುವಾಗುವ ಕಬ್ಬಿನ ಪಟ್ಟಿ ಇನ್ನಿಸ್‌ಫೇಲ್, ಟುಲಿ, ಹರ್ಬರ್ಟ್ ನದಿ ಬಯಲು, ಬರ್ಡೆಕಿನ್, ಮೆಕೆಯ್, ಬಂಡಬರ್ಗ್ ದಾಟಿ ದಕ್ಷಿಣಕ್ಕೆ ಸಾಗುತ್ತದೆ. ಎಲ್ಲ ಕಡೆಯೂ ಹವೆ ಒಂದೇ ಅಲ್ಲ. ಟುಲಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುತ್ತದೆ. ಬರ್ಡೆಕಿನ್ ಒಣ ಪ್ರದೇಶ, ಅಲ್ಲಿನ ಬೆಳೆ ನೀರಾವರಿಯದು. ಮಣ್ಣಿನ ಬಗೆಗಳೂ ಬೇರೆ ಬೇರೆ. ಆದರೆ ಬೇಸಾಯದ ಕ್ರಮ ಮಾತ್ರ ಪಟ್ಟಿಯುದ್ದಕ್ಕೂ ಒಂದೇ ಅಚ್ಚಿನದಾಗಿತ್ತು. ಹೊಸದಾಗಿ ನೆಟ್ಟ ತನಿ ಬೆಳೆ ಒಂದು, ಅದರ ಹಿಂದೆ ಕಡಿದ ಬುಡದಿಂದಲೇ ಮತ್ತೆ ಚಿಗುರುವ ಕೂಳೆ ಮೂರು ನಾಲ್ಕು. ಕೊನೆಯ ಕೂಳೆ ಕಡಿದ ಮೇಲೆ ಹೊಲವನ್ನು ಆಳವಾಗಿ ಉತ್ತು ಬುಡಗಳನ್ನು ಕಿತ್ತು ಹಾಕುವುದು. ಕೆಲವರು ಸುಮಾರು ಆರು ತಿಂಗಳು ನೆಲವನ್ನು ಬೀಳು ಬಿಡುತ್ತಿದ್ದರು, ಹಲವರು ಅದನ್ನೂ ಬಿಡದೆ ಕೂಡಲೇ ಮತ್ತೆ ಕಬ್ಬನ್ನೇ ನೆಡುತ್ತಿದ್ದರು. ಹೀಗೆ ತಲೆಮಾರುಗಳ ಕಾಲ ಬೇರೆ ಬೆಳೆಯ ಬೇರನ್ನೇ ಕಾಣದ ಹೊಲಗಳು ಅಲ್ಲಿ ಸಾಕಷ್ಟಿದ್ದವು.

ಬೆಂಕಿ ಹಾಕುವ ರೂಢಿಗೆ ಅದರದೇ ಆದ ಚರಿತ್ರೆ ಇದೆ. 1930ರ ದಶಕದಲ್ಲಿ ಉತ್ತರ ಕ್ವೀನ್ಸ್‌ಲ್ಯಾಂಡಿನಲ್ಲಿ ಕಬ್ಬು ಕಡಿಯುವ ಕಾರ್ಮಿಕರು ವೈಲ್ಸ್ ಕಾಯಿಲೆಗೆ ತುತ್ತಾಗತೊಡಗಿದರು. ಅದು ಇಲಿಯ ಮೂತ್ರದಿಂದ ಹರಡುವ ಸೋಂಕು. ಗದ್ದೆಗೆ ಬೆಂಕಿ ಕೊಟ್ಟ ಮೇಲಷ್ಟೇ ಕಬ್ಬು ಕಡಿಯುತ್ತೇವೆಂದು ಪಟ್ಟು ಹಿಡಿದು ಅವರು 1934–35ರಲ್ಲಿ ಮುಷ್ಕರ ಹೂಡಿದರು. ಜೀವ ಉಳಿಸಿಕೊಳ್ಳಲು ಹುಟ್ಟಿದ ನ್ಯಾಯವಾದ ಬೇಡಿಕೆ ಅದು. ಆದರೆ 1970ರ ದಶಕ ಮುಗಿಯುವಷ್ಟರಲ್ಲಿ ಕಡಿಯುವ ಕೆಲಸ ಪೂರ್ತಿಯಾಗಿ ಯಂತ್ರದ ಪಾಲಾಗಿತ್ತು. ಬೆಂಕಿಗೆ ಮೂಲ ಕಾರಣವೇ ಇಲ್ಲವಾದ ಮೇಲೂ ಬೆಂಕಿ ಮಾತ್ರ ಉಳಿಯಿತು. ಕೃಷಿಯಲ್ಲಿ ಇಂಥದ್ದು ಬಹಳ ನಡೆಯುತ್ತದೆ. ಒಂದು ಕಾಲದ ಸರಿಯಾದ ಪರಿಹಾರ ಮುಂದಿನ ಕಾಲಕ್ಕೆ ಬರೀ ಅಭ್ಯಾಸವಾಗಿ ದಾಟಿಕೊಂಡು ಬರುತ್ತದೆ.

ಮೊದಲ ಸುಳಿವು ಬೇರಿನಲ್ಲಿ

ಉತ್ತರದ ಮಳೆ ಪ್ರದೇಶದಲ್ಲಿ ಕೆಲವು ಹೊಲಗಳ ಕಬ್ಬು ನೋಡಲು ಹಸಿರಾಗಿಯೇ ಇದ್ದು, ಗಾಳಿ ಮಳೆಗೆ ಬುಡ ಸಮೇತ ವಾಲಿಬಿಡುತ್ತಿತ್ತು. ಕಟಾವಿನ ಯಂತ್ರ ಬಂದಾಗ ಕಬ್ಬು ತುಂಡಾಗುವ ಬದಲು ಬುಡವೇ ಕಿತ್ತು ಬರುತ್ತಿತ್ತು. ಹಾಗೆ ಬಂದ ಬುಡವನ್ನು ಕೈಗೆತ್ತಿಕೊಂಡರೆ ರೋಗ ಎದ್ದು ಕಾಣುತ್ತಿತ್ತು. ಕಬ್ಬನ್ನು ನೆಲಕ್ಕೆ ಹಿಡಿದು ನಿಲ್ಲಿಸುವ ದಪ್ಪ ಬೇರುಗಳು ಬಿಗಿಯಾಗಿರುವ ಬದಲು ಮೆತ್ತಗಾಗಿದ್ದವು. ಬೆರಳಲ್ಲಿ ಒತ್ತಿದರೆ ಹೊರಸಿಪ್ಪೆ ಜಾರುತ್ತಿತ್ತು, ಒಳತಿರುಳು ಕೊಳೆತು ನೀರಾಗಿತ್ತು. ಸಣ್ಣ ಕೂದಲು ಬೇರುಗಳು ಅಲ್ಲಲ್ಲಿ ಮಾತ್ರ ಉಳಿದಿದ್ದವು. ಇಂಥ ಬುಡಕ್ಕೆ ಎಷ್ಟು ಗೊಬ್ಬರ ಸುರಿದರೂ ಅದನ್ನು ಹೀರಿಕೊಳ್ಳುವ ಬಾಯಿಯೇ ಇಲ್ಲ.

ಇದಕ್ಕೆ ಕಾರಣವಾದ ಶಿಲೀಂಧ್ರದಂಥ ಸೂಕ್ಷ್ಮಜೀವಿಗೆ 1989ರಲ್ಲಿ ಪ್ಯಾಕಿಮೆಟ್ರಾ ಎಂದು ಹೆಸರಿಡಲಾಯಿತು. ಅದರ ಬೀಜಕಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತವೆ, ಕಬ್ಬಿನ ಹಿಂದೆ ಕಬ್ಬು ಬಂದಷ್ಟೂ ಹೆಚ್ಚುತ್ತವೆ. ಸಿಂಪಡಿಸಿ ಕೊಲ್ಲುವ ಔಷಧಿ ರೈತನ ಕೈಗೆಟುಕುವಂಥದ್ದಲ್ಲ. ಹಾಗಾಗಿ ರೋಗ ತಡೆದುಕೊಳ್ಳುವ ತಳಿಗಳೇ ದಾರಿಯಾದವು. ಅಂಥ ತಳಿಗಳನ್ನು ಕೊಟ್ಟ ಕಡೆ ಬೆಳೆ ಚೇತರಿಸಿತು. ಅಪರಾಧಿ ಸಿಕ್ಕಿಬಿದ್ದ ಎಂದು ಅಲ್ಲಿಗೇ ನಿಲ್ಲಿಸಬಹುದಿತ್ತು.

ನಿಲ್ಲಿಸದಿದ್ದುದಕ್ಕೆ ಕಾರಣ ಇನ್ನೊಂದು ಪ್ರಯೋಗ. ಹಳೆಯ ಕಬ್ಬಿನ ನೆಲಕ್ಕೆ ಮೀಥೈಲ್ ಬ್ರೋಮೈಡ್ ಅನಿಲ ಹಾಯಿಸಿ ಮಣ್ಣಿನೊಳಗಿನ ಜೀವಿಗಳನ್ನು ಬಹುಮಟ್ಟಿಗೆ ಕೊಂದು ಕಬ್ಬು ನೆಟ್ಟರೆ ಬೆಳೆ ಗಮನಾರ್ಹವಾಗಿ ಹೆಚ್ಚುತ್ತಿತ್ತು. ಪ್ಯಾಕಿಮೆಟ್ರಾದ ಹಾವಳಿ ಹೆಚ್ಚಿಲ್ಲದ ಹೊಲಗಳಲ್ಲೂ ಹೀಗೇ ಆಗುತ್ತಿತ್ತು. ಅಂದರೆ ಬೇರನ್ನು ತಿನ್ನುವವರು ಇನ್ನೂ ಇದ್ದರು. ಕ್ವೀನ್ಸ್‌ಲ್ಯಾಂಡಿನ ಕಬ್ಬಿನ ಮಣ್ಣಿನಲ್ಲೆಲ್ಲ ಹರಡಿರುವ, ಬೇರಿನ ಮೇಲೆ ಗಾಯ ಮಾಡುವ ಪ್ರಾಟಿಲೆಂಕಸ್ ಎಂಬ, ಮಣ್ಣಿನಲ್ಲಿರುವ ಅತಿಸೂಕ್ಷ್ಮ ಜಂತುಹುಳು (ನೆಮಟೋಡ್) ಅವರಲ್ಲಿ ಒಬ್ಬ. ಮರಳು ಮಣ್ಣಿನಲ್ಲಿ ಬೇರುಗಂಟು ಜಂತುಹುಳು ಇನ್ನೊಬ್ಬ. ಪತ್ತೆಯಾಗದ ಸಣ್ಣಪುಟ್ಟ ಶಿಲೀಂಧ್ರಗಳ ಗುಂಪೊಂದು ಇದರ ಜೊತೆಗೆ. ಯಾರೊಬ್ಬರೂ ಬೆಳೆಯನ್ನು ಸಾಯಿಸುವಷ್ಟು ಬಲಶಾಲಿಯಲ್ಲ, ಎಲ್ಲರೂ ಸೇರಿ ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಕಸಿಯುತ್ತಿದ್ದರು. ಸಾಯದ ಬೆಳೆಗೆ ಚಿಕಿತ್ಸೆ ಕೊಡಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ಈ ಬಗೆಯ ನಷ್ಟ ದಶಕಗಳ ಕಾಲ ಕಣ್ಣಿಗೆ ಬೀಳದೆ ಉಳಿದದ್ದು ಅದಕ್ಕೇ.

ಅಕ್ಕಪಕ್ಕದ ಎರಡು ಹೊಲ

1993ರಲ್ಲಿ ಸರ್ಕಾರದ ಸಂಶೋಧನಾ ನಿಧಿ, ಕಬ್ಬಿನ ಸಂಶೋಧನೆಗೆಂದೇ 1900ರಲ್ಲಿ ಹುಟ್ಟಿದ್ದ ಬಿಎಸ್‌ಇಎಸ್ ಸಂಸ್ಥೆ, ಆಸ್ಟ್ರೇಲಿಯಾದ ರಾಷ್ಟ್ರೀಯ ವಿಜ್ಞಾನ ಸಂಸ್ಥೆಯಾದ ಸಿಎಸ್‌ಐಆರ್‌ಒ ಮತ್ತು ರಾಜ್ಯದ ಕೃಷಿ ಇಲಾಖೆ ಸೇರಿ ಶುಗರ್ ಯೀಲ್ಡ್ ಡಿಕ್ಲೈನ್ ಜಾಯಿಂಟ್ ವೆಂಚರ್ ಎಂಬ ಯೋಜನೆ ಆರಂಭಿಸಿದವು. ಬೇಸಾಯ ತಜ್ಞ ಅಲನ್ ಗಾರ್ಸೈಡ್ ಅದನ್ನು ಮುನ್ನಡೆಸಿದರು. ಮಣ್ಣು ತಜ್ಞರು, ಬೇರುರೋಗ ತಜ್ಞರು, ಜಂತುಹುಳು ತಜ್ಞರು, ಯಂತ್ರಗಳ ಎಂಜಿನಿಯರು ಒಂದೇ ತಂಡದಲ್ಲಿದ್ದರು. ಪ್ರಶ್ನೆಯನ್ನು ಅವರು ಕೇಳಿಕೊಂಡ ರೀತಿಯೇ ಅರ್ಧ ಉತ್ತರವಾಗಿತ್ತು. ಈ ವರ್ಷ ಬೆಳೆ ಏಕೆ ಕಡಿಮೆಯಾಯಿತು ಎಂದು ಅವರು ಕೇಳಲಿಲ್ಲ. ಬಹುಕಾಲ ಒಂದೇ ಬೆಳೆ ಹೊತ್ತ ನೆಲ ತನ್ನ ಕಸುವನ್ನು ಏಕೆ ಕಳೆದುಕೊಳ್ಳುತ್ತದೆ ಎಂದು ಕೇಳಿದರು.

ಅವರ ಮೊದಲ ವಿಧಾನ ಸರಳ ಮತ್ತು ಬಲವಾದದ್ದು. ಬೇಲಿಯ ಒಂದು ಕಡೆ ಬಹಳ ವರ್ಷ ಕಬ್ಬು ಬೆಳೆದ ಹೊಲ, ಇನ್ನೊಂದು ಕಡೆ ಅದೇ ಬಗೆಯ ಮಣ್ಣಿನ, ಕಬ್ಬಿಗೆ ಹೊಸದಾದ ನೆಲ. ಇಂಥ ಜೋಡಿಗಳನ್ನು ಹುಡುಕಿ ಅಕ್ಕಪಕ್ಕ ಇಟ್ಟು ಅಳೆದರು. ಹಳೆಯ ನೆಲದಲ್ಲಿ ಸಾವಯವ ಇಂಗಾಲ ಕಡಿಮೆ, ಮಣ್ಣು ಹೆಚ್ಚು ಹುಳಿ, ಪೋಷಕಾಂಶ ಹಿಡಿದಿಟ್ಟುಕೊಳ್ಳುವ ಶಕ್ತಿ ಕಡಿಮೆ, ತಾಮ್ರ ಮತ್ತು ಸತುವಿನಂಥ ಲಘು ಪೋಷಕಾಂಶಗಳೂ ಕಡಿಮೆ. ಮಣ್ಣು ಗಟ್ಟಿಯಾಗಿತ್ತು, ನೀರು ಇಂಗುವುದು ನಿಧಾನವಾಗಿತ್ತು. ಒಳ್ಳೆಯ ಸೂಕ್ಷ್ಮಜೀವಿಗಳ ಒಟ್ಟು ಪ್ರಮಾಣ ತಗ್ಗಿತ್ತು, ಬೇರು ತಿನ್ನುವವು ಮಾತ್ರ ಹೆಚ್ಚಿದ್ದವು.

ಈ ಪಟ್ಟಿಯನ್ನು ಓದುವಾಗ ಎಚ್ಚರ ಬೇಕು. ಹುಳಿಗೆ ಸುಣ್ಣ, ಸತುವಿಗೆ ಸತುವಿನ ಸಲ್ಫೇಟ್, ಗಟ್ಟಿ ಮಣ್ಣಿಗೆ ಆಳ ಉಳುಮೆ ಎಂದು ಒಂದೊಂದಕ್ಕೆ ಒಂದೊಂದು ಮದ್ದು ಬರೆಯಲು ಕೈ ತುರಿಸುತ್ತದೆ. ಸುಣ್ಣ ಹಾಕುವುದು ಸರಿಯೇ. ಆದರೆ ಆಳ ಉಳುಮೆ ಎಂಬ ಮದ್ದಿನಲ್ಲೇ ಕಾಯಿಲೆಯ ಅರ್ಧ ಭಾಗ ಅಡಗಿತ್ತು.

ಗಾಲಿಯ ಲೆಕ್ಕ

ಅಲ್ಲಿನ ರೂಢಿಯ ಸಾಲಿನ ಅಂತರ ಸುಮಾರು ಒಂದೂವರೆ ಮೀಟರ್. ಕಟಾವಿನ ಯಂತ್ರದ ಎರಡು ಗಾಲಿಗಳ ನಡುವಿನ ಅಂತರ ಸುಮಾರು 1.83 ಮೀಟರ್. ಈ ಎರಡು ಅಂಕಿಗಳ ನಡುವಿನ 33 ಸೆಂಟಿಮೀಟರ್ ವ್ಯತ್ಯಾಸ ಎಷ್ಟು ದೊಡ್ಡ ಕೇಡು ಮಾಡಬಲ್ಲದು ಎಂಬುದನ್ನು ಕಾಗದದ ಮೇಲೆ ಗೆರೆ ಎಳೆದು ನೋಡಬೇಕು.

ಯಂತ್ರ ಒಂದು ಸಾಲಿನ ಮೇಲೆ ನೇರವಾಗಿ ನಿಂತು ಸಾಗುತ್ತದೆ. ಆಗ ಅದರ ಪ್ರತಿ ಗಾಲಿಯ ನಡುಭಾಗ ಆ ಸಾಲಿನಿಂದ ಸುಮಾರು 92 ಸೆಂಟಿಮೀಟರ್ ಆಚೆ ಇರುತ್ತದೆ. ಎರಡು ಸಾಲುಗಳ ನಡುಮಧ್ಯ ಇರುವುದು 75 ಸೆಂಟಿಮೀಟರಿನಲ್ಲಿ. ಅಂದರೆ ಗಾಲಿ ನಡುಮಧ್ಯವನ್ನು ದಾಟಿ ಪಕ್ಕದ ಸಾಲಿನ ಕಡೆಗೆ ಸರಿದಿರುತ್ತದೆ. ಗಾಲಿ ಅರ್ಧ ಮೀಟರ್ ಅಗಲವೆಂದು ಇಟ್ಟುಕೊಂಡರೆ ಅದರ ಅಂಚು ಪಕ್ಕದ ಸಾಲಿನ ನಡುವಿಗೆ 33 ಸೆಂಟಿಮೀಟರ್ ಹತ್ತಿರಕ್ಕೆ ಬರುತ್ತದೆ, ಅಂದರೆ ಬುಡದ ಪಕ್ಕಕ್ಕೇ ಬಂದಂತೆ. ಯಂತ್ರ ಮುಂದಿನ ಸಾಲಿಗೆ ಹೋದಾಗ ಇದೇ ತುಳಿತ ಈ ಕಡೆಯಿಂದಲೂ ಆಗುತ್ತದೆ. ಎರಡೂ ಸೇರಿದರೆ ಒಂದೂವರೆ ಮೀಟರಿನಲ್ಲಿ ಸುಮಾರು 84 ಸೆಂಟಿಮೀಟರ್, ಅಂದರೆ ಅರ್ಧಕ್ಕಿಂತ ಹೆಚ್ಚು ನೆಲ ಗಾಲಿಯಡಿ ಸಿಕ್ಕಿತು. ಕಟಾವು ಯಂತ್ರದ ತೂಕ ಹದಿನೈದು ಟನ್ನಿನ ಆಸುಪಾಸು. ಪಕ್ಕದಲ್ಲೇ ಕಬ್ಬು ತುಂಬಿಕೊಂಡು ಓಡುವ ಗಾಡಿಯ ಭಾರ ಬೇರೆ. ಮಳೆಗಾಲ ಬೇಗ ಶುರುವಾಗಿ ನೆಲ ಹಸಿಯಿದ್ದರೆ ಆ ಭಾರ ಮಣ್ಣಿನ ಆಳಕ್ಕೆ ಇಳಿಯುತ್ತದೆ. ತನಿ ಬೆಳೆಗೊಮ್ಮೆ, ಪ್ರತಿ ಕೂಳೆಗೊಮ್ಮೆ ಇದೇ ಪುನರಾವರ್ತನೆ.

ಮಣ್ಣು ಗಟ್ಟಿಯಾದ ಮೇಲೆ ರೈತ ಏನು ಮಾಡುತ್ತಾನೆ? ಮರುನಾಟಿಗೆ ಮುನ್ನ ದೊಡ್ಡ ಟ್ರ್ಯಾಕ್ಟರ್ ತಂದು ಆಳವಾಗಿ ಸೀಳುತ್ತಾನೆ, ಮತ್ತೆ ಮತ್ತೆ ಉಳುತ್ತಾನೆ, ರೋಟವೇಟರ್ ಹೊಡೆದು ಹಿಟ್ಟಿನ ಹಾಗೆ ಪುಡಿ ಮಾಡುತ್ತಾನೆ. ನೆಲ ಆ ಹೊತ್ತಿಗೆ ಹದವಾಗಿ ಕಾಣುತ್ತದೆ. ಆದರೆ ಪ್ರತಿ ಉಳುಮೆಯೂ ಮಣ್ಣಿನೊಳಕ್ಕೆ ಗಾಳಿ ನುಗ್ಗಿಸಿ ಸಾವಯವ ಅಂಶವನ್ನು ಉರಿಸಿಬಿಡುತ್ತದೆ, ಎರೆಹುಳುವಿನ ಬಿಲಗಳನ್ನು ಒಡೆಯುತ್ತದೆ, ಹಳೆಯ ಬೇರು ಕೊಳೆತು ಉಳಿದ ನೀರಿನ ದಾರಿಗಳನ್ನು ಅಳಿಸುತ್ತದೆ. ಸಾವಯವ ಅಂಶವಿಲ್ಲದ ಪುಡಿಮಣ್ಣು ಮುಂದಿನ ಕಟಾವಿನಲ್ಲಿ ಮೊದಲಿಗಿಂತ ಸುಲಭವಾಗಿ ಗಟ್ಟಿಯಾಗುತ್ತದೆ. ಆಗ ಇನ್ನೂ ದೊಡ್ಡ ಟ್ರ್ಯಾಕ್ಟರ್, ಇನ್ನೂ ಆಳದ ಸೀಳು. ಈ ಸುತ್ತಿನೊಳಗೆ ರವದಿಯನ್ನೂ ಸುಟ್ಟರೆ ನೆಲಕ್ಕೆ ಮರಳಿ ಬರಬಹುದಾಗಿದ್ದ ಇಂಗಾಲವೂ ಹೊಗೆಯಾಗಿ ಹೋಯಿತು. ಕಬ್ಬಿನ ಮೇಲೆ ಕಬ್ಬನ್ನೇ ನೆಟ್ಟರೆ ಬೇರುತಿನ್ನುಗಳಿಗೆ ಊಟ ತಪ್ಪದು. ಗಟ್ಟಿ ಮಣ್ಣಿನಲ್ಲಿ ಬೇರು ಆಳಕ್ಕೆ ಇಳಿಯದೆ ಮೇಲ್ಪದರದಲ್ಲೇ ಸುತ್ತಾಡುವುದರಿಂದ ಆ ಊಟ ಅವುಗಳಿಗೆ ಇನ್ನೂ ಹತ್ತಿರವಾಗುತ್ತದೆ.

ನಾಲ್ಕು ರೂಢಿಗಳು ಒಂದನ್ನೊಂದು ಹೇಗೆ ಹಿಡಿದುಕೊಂಡಿದ್ದವು ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಉಳುಮೆ ಬಿಡಿ ಎಂದು ಒಬ್ಬ ರೈತನಿಗೆ ಉಪದೇಶಿಸುವುದು ಸುಲಭ. ಗಾಲಿ ಎಲ್ಲೆಂದರಲ್ಲಿ ಓಡಿದ ಹೊಲದಲ್ಲಿ ಉಳುಮೆ ಬಿಟ್ಟರೆ ಅವನು ನೆಟ್ಟ ಕಬ್ಬಿನ ತುಂಡು ಮೊಳೆಯುವುದೇ ಇಲ್ಲ. ಅವನು ಉಳುತ್ತಿದ್ದುದು ಅಜ್ಞಾನದಿಂದಲ್ಲ, ಯಂತ್ರ ಮಾಡಿದ ಗಾಯಕ್ಕೆ ಅವನ ಬಳಿ ಬೇರೆ ಮದ್ದಿರಲಿಲ್ಲ.

ಸರದಿ ಮುರಿದಾಗ

ಯೋಜನೆಯ ಅತಿ ದೊಡ್ಡ ಭಾಗ ಬೆಳೆ ಬದಲಿಸುವ ಪ್ರಯೋಗಗಳದು. ಬೇರೆ ಬೇರೆ ಜಿಲ್ಲೆಗಳಲ್ಲಿ ಹಳೆಯ ಕಬ್ಬಿನ ಹೊಲಗಳನ್ನು ತೆಗೆದುಕೊಂಡು, ಕೆಲವು ತಾಕುಗಳಲ್ಲಿ ಹುಲ್ಲುಗಾವಲು, ಕೆಲವುಗಳಲ್ಲಿ ಸೋಯಾ ಅವರೆ, ಶೇಂಗಾ, ಮೆಕ್ಕೆಜೋಳದಂಥ ಬೆಳೆ, ಕೆಲವುಗಳಲ್ಲಿ ಏನೂ ಇಲ್ಲದ ಬರಿಯ ಬೀಳು, ಪಕ್ಕದಲ್ಲೇ ಕಬ್ಬಿನ ಮೇಲೆ ಕಬ್ಬು. ಆ ಬಳಿಕ ಎಲ್ಲ ತಾಕುಗಳಿಗೂ ಕಬ್ಬು ನೆಟ್ಟು ತೂಗಿದರು. ಹೀಗೆ ಕಬ್ಬಿನ ಮೇಲೆ ಕಬ್ಬಿನ ಸರದಿ ಮುರಿದ ತಾಕುಗಳಲ್ಲಿ ಇಳುವರಿ ಸುಮಾರು ಶೇಕಡ 20ರಿಂದ 30ರಷ್ಟು ಹೆಚ್ಚು ಬಂತು. ಹೊಸ ತಳಿಯೊಂದು ಇಷ್ಟು ಕೊಟ್ಟಿದ್ದರೆ ಅದರ ಹೆಸರು ಮನೆಮಾತಾಗುತ್ತಿತ್ತು.

ನನ್ನನ್ನು ಹಿಡಿದು ನಿಲ್ಲಿಸಿದ ಫಲಿತಾಂಶ ಬರಿಯ ಬೀಳಿನದು. ಅಲ್ಲಿ ಸಾರಜನಕ ತಂದುಕೊಡುವ ದ್ವಿದಳ ಬೆಳೆ ಇರಲಿಲ್ಲ. ಬೇರುಗಳಿಲ್ಲದ ಕಾರಣ ಸೂಕ್ಷ್ಮಜೀವಿಗಳ ಒಟ್ಟು ಪ್ರಮಾಣವೂ ಕುಸಿದಿತ್ತು. ಆದರೂ ನಂತರದ ಕಬ್ಬು ಚೆನ್ನಾಗಿ ಬಂತು. ಹಾಗಾದರೆ ಲಾಭದ ದೊಡ್ಡ ಪಾಲು ಗೊಬ್ಬರದ್ದಲ್ಲ, ಬೇರು ತಿನ್ನುವವರಿಗೆ ಊಟ ತಪ್ಪಿಸಿದ್ದರಿಂದ ಬಂದದ್ದು. ದ್ವಿದಳ ಬೆಳೆ ಎಂದರೆ ಸಾರಜನಕ ಎಂದಷ್ಟೇ ಹೇಳಿಕೊಂಡು ಬಂದ ನಮಗೆ ಇದು ಮುಖ್ಯವಾದ ತಿದ್ದುಪಡಿ. ಹಾಗೆಂದು ಬರಿಯ ಬೀಳೇ ಸಾಕೆಂದು ತೀರ್ಮಾನಿಸುವಂತಿಲ್ಲ. ಮಳೆಗೆ ಮೈಯೊಡ್ಡಿದ ಬರಿ ನೆಲದಿಂದ ಮಣ್ಣು ಕೊಚ್ಚಿ ಹೋಗುತ್ತದೆ, ಒಳ್ಳೆಯ ಜೀವಿಗಳೂ ಉಪವಾಸ ಬೀಳುತ್ತವೆ, ಇಂಗಾಲ ಇನ್ನಷ್ಟು ಇಳಿಯುತ್ತದೆ.

ಇದರ ಜೊತೆಗೇ ಒಂದು ಕಹಿ ಸಂಗತಿಯೂ ಹೊರಬಿತ್ತು. ಕಬ್ಬು ಮರಳಿ ಬಂದ ಮೇಲೆ ಪ್ರಾಟಿಲೆಂಕಸ್ ಜಂತುಹುಳುಗಳೂ ಮರಳಿ ಬಂದವು, ಅದೂ ಬೇಗನೆ. ಆದರೂ ಲಾಭ ಕೂಳೆಗೂ ದಾಟಿತು. ಮೊದಲ ಕೆಲವು ತಿಂಗಳಲ್ಲಿ ಬೇರು ಅಡ್ಡಿಯಿಲ್ಲದೆ ಹರಡಿ, ಬುಡದಿಂದ ಒಡೆಯುವ ಮರಿಗಳು ಬಲವಾಗಿ ಎದ್ದು, ಬುಡ ಭದ್ರವಾದರೆ ಆಮೇಲೆ ಬಂದ ಹಾವಳಿಯನ್ನು ಬೆಳೆ ತಾಳಿಕೊಳ್ಳುತ್ತದೆ ಎಂದೇ ನಾನು ಇದನ್ನು ಅರ್ಥಮಾಡಿಕೊಳ್ಳುತ್ತೇನೆ. ಹೀಗಾಗಿ ಸರದಿ ಮುರಿಯುವುದು ಒಮ್ಮೆ ಮಾಡಿ ಮರೆಯುವ ಕೆಲಸವಲ್ಲ, ಪ್ರತಿ ಮರುನಾಟಿಗೂ ಬೇಕು.

ಯಾವ ಬೆಳೆ ಎಂಬುದೂ ಮುಖ್ಯ. ಬೇರುಗಂಟು ಜಂತುಹುಳು ಇರುವ ಮರಳು ನೆಲದಲ್ಲಿ ಸೋಯಾ ಅವರೆ ಹಾಕಿದರೆ ಅದೇ ಹುಳುವಿಗೆ ಆಶ್ರಯ ಕೊಟ್ಟಂತಾಗುತ್ತದೆ, ಅಲ್ಲಿ ಶೇಂಗಾ ವಾಸಿ. ಸಾರಜನಕದ ಲೆಕ್ಕವೂ ಸಣ್ಣದೇನಲ್ಲ. ಹೆಕ್ಟೇರಿಗೆ ಆರು ಟನ್ ಒಣ ತೂಕದಷ್ಟು ಬೆಳೆದ ಸೋಯಾ ಅವರೆಯನ್ನು ಕಾಳು ಕೀಳದೆ ನೆಲಕ್ಕೇ ಬಿಟ್ಟರೆ 200 ಕಿಲೋಗೂ ಹೆಚ್ಚು ಸಾರಜನಕ ಮಣ್ಣಿಗೆ ಸೇರುತ್ತದೆ. ಮುಂದಿನ ತನಿ ಬೆಳೆಗೆ ಯೂರಿಯಾ ಬೇಕಾಗುವುದೇ ಇಲ್ಲ ಎನ್ನಬಹುದು. ಕಾಳು ಕೊಯ್ದುಕೊಂಡರೆ ಈ ಲೆಕ್ಕ ಬಹಳಷ್ಟು ಇಳಿಯುತ್ತದೆ. ಇಲ್ಲೂ ಉಳುಮೆಯ ಪ್ರಶ್ನೆ ಎದುರಾಗುತ್ತದೆ. ಹಸಿರು ಬೆಳೆಯನ್ನು ಉತ್ತು ಮಣ್ಣಿಗೆ ಸೇರಿಸಿ ತಿಂಗಳುಗಟ್ಟಲೆ ಬಿಟ್ಟರೆ ಅದು ಬೇಗ ಕೊಳೆತು ಸಾರಜನಕವು ನೈಟ್ರೇಟ್ ಆಗಿ ಮಳೆನೀರಿನೊಂದಿಗೆ ಕೆಳಕ್ಕೆ ಇಳಿದುಹೋಗುತ್ತದೆ. ನೆಲದ ಮೇಲೆಯೇ ಒಣಗಲು ಬಿಟ್ಟರೆ ನಿಧಾನವಾಗಿ, ಕಬ್ಬಿಗೆ ಬೇಕಾದ ಹೊತ್ತಿಗೆ ಒದಗುತ್ತದೆ. ಈ ಕರಾವಳಿಯ ಆಚೆಗೇ ಗ್ರೇಟ್ ಬ್ಯಾರಿಯರ್ ಹವಳದ ದಿಬ್ಬ ಇದೆ. ಗದ್ದೆಯಿಂದ ಸೋರಿದ ಸಾರಜನಕ ಅಲ್ಲಿಗೆ ತಲುಪುತ್ತದೆಂಬ ಕಾರಣಕ್ಕೆ 2009ರಲ್ಲಿ ಕ್ವೀನ್ಸ್‌ಲ್ಯಾಂಡ್ ಸರ್ಕಾರ ಕಬ್ಬಿನ ಗೊಬ್ಬರ ಬಳಕೆಗೆ ಕಾನೂನಿನ ಮಿತಿಯನ್ನೇ ತಂದಿತು. ಬೇರು ಕೆಟ್ಟ ಬೆಳೆಗೆ ಹೆಚ್ಚು ಗೊಬ್ಬರ ಸುರಿಯುವುದು ರೈತನ ಹಣವನ್ನೂ ಸಮುದ್ರವನ್ನೂ ಒಟ್ಟಿಗೇ ಹಾಳು ಮಾಡುತ್ತಿತ್ತು.

ನಾಲ್ಕನ್ನೂ ಒಟ್ಟಿಗೆ ಬಿಚ್ಚುವುದು

ತಂಡ ಕೊನೆಗೆ ಕಟ್ಟಿದ ಹೊಸ ಪದ್ಧತಿ ಹೀಗಿದೆ. ಸಾಲಿನ ಅಂತರವನ್ನು ಗಾಲಿಯ ಅಂತರಕ್ಕೆ ಹೊಂದಿಸಿ 1.8 ಮೀಟರಿನ ಆಸುಪಾಸಿಗೆ ಅಗಲಿಸುವುದು. ಆಗ ಈ ಕಡೆಯ ತುಳಿತವೂ ಆ ಕಡೆಯ ತುಳಿತವೂ ಒಂದೇ ಪಟ್ಟಿಯ ಮೇಲೆ ಬೀಳುತ್ತವೆ. ಅರ್ಧ ಮೀಟರ್ ಗಾಲಿಯ ಲೆಕ್ಕದಲ್ಲಿ ತುಳಿತಕ್ಕೆ ಸಿಗುವ ನೆಲ ಅರ್ಧಕ್ಕಿಂತ ಹೆಚ್ಚಿದ್ದದ್ದು ಕಾಲುಭಾಗಕ್ಕೆ ಇಳಿಯುತ್ತದೆ. ಉಪಗ್ರಹ ಮಾರ್ಗದರ್ಶನದ ಟ್ರ್ಯಾಕ್ಟರುಗಳು ಎರಡು ಸೆಂಟಿಮೀಟರಿನಷ್ಟು ನಿಖರವಾಗಿ ವರ್ಷ ವರ್ಷವೂ ಅದೇ ಗೆರೆಯಲ್ಲಿ ಓಡುತ್ತವೆ. ಕಬ್ಬು ಬೆಳೆಯುವ ಏರಿ ಎಂದೂ ತುಳಿತ ಕಾಣದ ಮೆತ್ತನೆಯ ನೆಲವಾಗಿ ಉಳಿಯುವುದರಿಂದ ಆಳ ಉಳುಮೆಯ ಅಗತ್ಯವೇ ಬೀಳುವುದಿಲ್ಲ. ಕೊನೆಯ ಕೂಳೆಯ ಬುಡಗಳನ್ನು ಕಿತ್ತು ಉಳುವ ಬದಲು ಕಳೆನಾಶಕದಿಂದ ಒಣಗಿಸಿ, ಅದೇ ಏರಿಯ ಮೇಲೆ ನೇರವಾಗಿ ಸೋಯಾ ಬಿತ್ತಿ, ಅದು ಮುಗಿದ ಮೇಲೆ ಅದೇ ಏರಿಯಲ್ಲಿ ಸಣ್ಣ ಸೀಳು ತೆರೆದು ಕಬ್ಬಿನ ತುಂಡು ಇಳಿಸುತ್ತಾರೆ. ಕಟಾವು ಬೆಂಕಿ ಹಾಕದೆ ಹಸಿರಾಗಿಯೇ ನಡೆಯುತ್ತದೆ, ರವದಿ ನೆಲದ ಮೇಲೆ ಹೊದಿಕೆಯಾಗುತ್ತದೆ.

ರೈತರ ದೊಡ್ಡ ಭಯ ಸಾಲಿನ ಅಂತರದ ಬಗ್ಗೆ. ಒಂದೂವರೆ ಮೀಟರ್ ಅಂತರದಲ್ಲಿ ಹೆಕ್ಟೇರಿಗೆ 6667 ಮೀಟರ್ ಉದ್ದದ ಸಾಲು ಸಿಗುತ್ತದೆ. 1.83 ಮೀಟರ್ ಮಾಡಿದರೆ ಸಿಗುವುದು 5464 ಮೀಟರ್ ಮಾತ್ರ. ಸುಮಾರು ಶೇಕಡ 18ರಷ್ಟು ಸಾಲನ್ನು ಕಳೆದುಕೊಂಡು ಇಳುವರಿ ಉಳಿಯುತ್ತದೆಂದರೆ ಯಾರು ನಂಬುತ್ತಾರೆ? ಪ್ರಯೋಗಗಳು ತೋರಿಸಿದ್ದು ಕಬ್ಬಿನ ಸ್ವಭಾವವನ್ನು. ಒತ್ತಾಗಿ ನೆಟ್ಟರೆ ಆರಂಭದಲ್ಲಿ ಮರಿಗಳು ಹೆಚ್ಚು, ಆದರೆ ನೆರಳಾದ ಮೇಲೆ ಬಹಳಷ್ಟು ಸಾಯುತ್ತವೆ. ವಿರಳವಾಗಿ ನೆಟ್ಟರೆ ಮರಿ ಕಡಿಮೆ, ಉಳಿದ ಪ್ರತಿ ಕಬ್ಬಿನ ತೂಕ ಹೆಚ್ಚು. ಕಟಾವಿನ ಹೊತ್ತಿಗೆ ಎರಡೂ ಹೆಚ್ಚುಕಡಿಮೆ ಸರಿಹೋಗುತ್ತವೆ. ಆದರೂ ಮನಸ್ಸು ಒಪ್ಪದವರು ಒಂದೇ ಏರಿಯ ಮೇಲೆ ಅರ್ಧ ಮೀಟರ್ ಅಂತರದಲ್ಲಿ ಜೋಡಿ ಸಾಲು ನೆಟ್ಟರು. ಹೊಸ ಪದ್ಧತಿಯಲ್ಲಿ ಇಳುವರಿ ತಗ್ಗಲಿಲ್ಲ, ಹಲವೆಡೆ ಹೆಚ್ಚಿತು. ಉಳುಮೆಯ ಡೀಸೆಲ್, ಕೂಲಿ, ಗೊಬ್ಬರದ ಖರ್ಚು ಮಾತ್ರ ಖಂಡಿತವಾಗಿ ಇಳಿಯಿತು.

ರವದಿಯ ವಿಚಾರದಲ್ಲಿ ಹೇಳುವುದನ್ನು ಅಳೆದು ಹೇಳಬೇಕು. ಹಸಿರು ಕಟಾವು ಉತ್ತರದಲ್ಲಿ ಬೇಗ ಹಬ್ಬಿತು. ಮಳೆಯಲ್ಲಿ ನೆನೆದ ಗದ್ದೆಗೆ ಬೆಂಕಿ ಹಾಕುವುದೇ ಕಷ್ಟ, ಸುಟ್ಟ ಕಬ್ಬು ಮಳೆಗೆ ಸಿಕ್ಕಿದರೆ ಬೇಗ ಕೆಡುತ್ತದೆ. ಹೊದಿಕೆ ಕಳೆಯನ್ನು ತಡೆಯಿತು, ತೇವ ಉಳಿಸಿತು, ಎರೆಹುಳು ಕರೆತಂದಿತು. ಆದರೆ ರವದಿಯಲ್ಲಿ ಇಂಗಾಲ ಸಾರಜನಕಕ್ಕಿಂತ ಎಪ್ಪತ್ತು ಪಟ್ಟಿಗೂ ಹೆಚ್ಚು. ಅದನ್ನು ಕೊಳೆಸುವ ಜೀವಿಗಳು ಮೊದಮೊದಲು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತವೆ. ಬಹುಪಾಲು ರವದಿ ವರ್ಷದೊಳಗೆ ಕೊಳೆತು ಅದರ ಇಂಗಾಲ ಗಾಳಿಗೇ ಹೋಗುತ್ತದೆ, ಮಣ್ಣಿನ ಇಂಗಾಲ ಏರುವುದು ದಶಕಗಳ ಕೆಲಸ. ಎರಡು ವರ್ಷ ರವದಿ ಬಿಟ್ಟು ಮಣ್ಣು ಪರೀಕ್ಷೆಯಲ್ಲಿ ಅಂಕಿ ಬದಲಾಗಲಿಲ್ಲವೆಂದು ಕೈಬಿಡುವವರಿಗೆ ಇದನ್ನು ಮೊದಲೇ ಹೇಳಿರಬೇಕು. ದಕ್ಷಿಣದ ತಂಪು ಪ್ರದೇಶದಲ್ಲಿ, ನೀರು ನಿಲ್ಲುವ ಹೊಲದಲ್ಲಿ ಹೊದಿಕೆಯಡಿ ಕೂಳೆ ತಡವಾಗಿ ಚಿಗುರುತ್ತದೆ. ಬರ್ಡೆಕಿನ್ನಿನಲ್ಲಿ ಸಾಲಿನಲ್ಲಿ ನೀರು ಹಾಯಿಸುವ ಪದ್ಧತಿ, ಅತಿ ದಟ್ಟವಾದ ಬೆಳೆ. ಅಲ್ಲಿ ಬಹುಪಾಲು ಕಬ್ಬಿಗೆ ಇಂದಿಗೂ ಬೆಂಕಿ ಹಾಕಿಯೇ ಕಡಿಯುತ್ತಾರೆ.

ಎಲ್ಲಿ ತೊಡಕಾಯಿತು

ಇಷ್ಟು ಸ್ಪಷ್ಟವಾದ ಫಲಿತಾಂಶ ಕೈಯಲ್ಲಿದ್ದೂ ಎಲ್ಲರೂ ಒಂದೇ ದಿನ ಬದಲಾಗಲಿಲ್ಲ. ಕಾರಣಗಳು ಹೊಲದ ಹೊರಗಿದ್ದವು. ಕಟಾವಿನ ಯಂತ್ರ ಸಾಮಾನ್ಯವಾಗಿ ರೈತನದಲ್ಲ, ಗುತ್ತಿಗೆದಾರನದು. ಅವನು ಹಲವು ಹೊಲಗಳಿಗೆ ಹೋಗುತ್ತಾನೆ. ಒಬ್ಬ 1.8 ಮೀಟರ್ ಮಾಡಿ ಪಕ್ಕದವನು 1.5 ಮೀಟರಿನಲ್ಲೇ ಉಳಿದರೆ ಯಂತ್ರವನ್ನೂ ಗಾಡಿಗಳನ್ನೂ ಯಾರಿಗೆ ಹೊಂದಿಸುವುದು? ರೈತ ಸಾಲು ಬದಲಿಸಿ, ಕಬ್ಬು ಸಾಗಿಸುವ ಗಾಡಿಯ ಗಾಲಿ ಹಳೆಯ ಅಳತೆಯಲ್ಲೇ ಉಳಿದರೆ ಪ್ರಯತ್ನದ ಅರ್ಧ ಫಲ ಮಣ್ಣುಪಾಲು. ಹೊಸ ನಾಟಿ ಯಂತ್ರ, ಗಾಲಿ ಬದಲಾವಣೆ, ಉಪಗ್ರಹ ಸಾಧನ ಎಲ್ಲಕ್ಕೂ ಬಂಡವಾಳ ಬೇಕು. ಸಕ್ಕರೆಯ ಬೆಲೆ ಬಿದ್ದ ವರ್ಷ ಅದು ಆಗದ ಮಾತು, ಬೆಲೆ ಏರಿದ ವರ್ಷ ಒಂದು ತುಂಡು ನೆಲವನ್ನೂ ಬೀಳು ಬಿಡಲು ಮನಸ್ಸು ಬಾರದು. ಬೆಲೆಯ ಈ ಎರಡೂ ತುದಿಗಳು ಕಬ್ಬಿನ ಮೇಲೆ ಕಬ್ಬನ್ನೇ ನೆಡಿಸುತ್ತವೆ.

ಇದರ ನಡುವೆಯೇ 2000ನೇ ಇಸವಿಯಲ್ಲಿ ಮೆಕೆಯ್ ಸುತ್ತ ಎಲೆಗೆ ಹತ್ತುವ ಕಿತ್ತಳೆ ತುಕ್ಕು ಎಂಬ ಶಿಲೀಂಧ್ರ ರೋಗ ಎರಗಿ ಕ್ಯೂ124 ಎಂಬ ತಳಿಯನ್ನು ನೆಲಕಚ್ಚಿಸಿತು. ಆ ಭಾಗದ ಬಹುಪಾಲು ನೆಲದಲ್ಲಿ ಇದ್ದದ್ದು ಅದೊಂದೇ ತಳಿ. ನಷ್ಟ ದೊಡ್ಡದಾಯಿತು. ಒಂದೇ ಬೆಳೆಯ ಅಪಾಯದೊಳಗೆ ಒಂದೇ ತಳಿಯ ಅಪಾಯವೂ ಸೇರಿಕೊಂಡಿತ್ತು ಎಂಬುದನ್ನು ಇದು ಬಹಳ ಕಠಿಣವಾಗಿ ತೋರಿಸಿತು.

ನಮ್ಮ ಹೊಲಕ್ಕೆ ಎಷ್ಟು ಅನ್ವಯ

ಪ್ಯಾಕಿಮೆಟ್ರಾ ನಮ್ಮ ಸಮಸ್ಯೆಯಲ್ಲ, ನಮ್ಮ ಹಿಡುವಳಿಗಳು ಅಲ್ಲಿನಂತೆ ದೊಡ್ಡವಲ್ಲ, ಬಹುಪಾಲು ಕಬ್ಬನ್ನು ಇನ್ನೂ ಕೈಯಿಂದಲೇ ಕಡಿಯುತ್ತೇವೆ. ಅಲ್ಲಿನ ಶೇಕಡಾವಾರನ್ನು ಇಲ್ಲಿಗೆ ನೇರವಾಗಿ ಎತ್ತಿ ತರುವುದು ತಪ್ಪು. ಆದರೆ ಕೂಳೆ ಕಿತ್ತು ಮತ್ತೆ ಕಬ್ಬು, ರವದಿಗೆ ಬೆಂಕಿ, ಹಸಿ ನೆಲಕ್ಕೆ ತುಂಬಿದ ಟ್ರೈಲರ್ ಇಳಿಸುವುದು, ಆಮೇಲೆ ರೋಟವೇಟರ್ ಹೊಡೆಸುವುದು, ಈ ಸರಪಳಿ ನಮ್ಮಲ್ಲೂ ಪೂರ್ತಿಯಾಗಿಯೇ ಇದೆ. ಆಳು ಸಿಗದ ಕಾರಣ ಕಟಾವಿನ ಯಂತ್ರಗಳೂ ಬರತೊಡಗಿವೆ. ಯಂತ್ರ ಬರುವುದಕ್ಕೆ ಮೊದಲೇ ಅದರ ಗಾಲಿಯ ಅಂತರ ಅಳೆದು ಸಾಲು ತೆಗೆಯುವ ಅವಕಾಶ ನಮಗಿದೆ. ಕ್ವೀನ್ಸ್‌ಲ್ಯಾಂಡಿನವರು ಅದನ್ನು ಕಳೆದುಕೊಂಡು, ತಡವಾಗಿ, ದುಬಾರಿಯಾಗಿ ಸರಿಪಡಿಸಿಕೊಂಡರು. ಸಾಲು ಒಮ್ಮೆ ತೆಗೆದರೆ ತನಿ ಮತ್ತು ಕೂಳೆ ಸೇರಿ ನಾಲ್ಕೈದು ವರ್ಷ ಅದೇ ಸಾಲು. ಹಾಗಾಗಿ ಬದಲಾವಣೆಗೆ ಬಾಗಿಲು ತೆರೆಯುವುದು ಮರುನಾಟಿಯ ಹೊತ್ತಿನಲ್ಲಿ ಮಾತ್ರ.

ನಂಬಿಕೆ ಬಾರದಿದ್ದರೆ ಅವರ ಜೋಡಿ ಹೊಲದ ವಿಧಾನವನ್ನೇ ನಮ್ಮಲ್ಲೂ ಮಾಡಿ ನೋಡಬಹುದು. ಮರುನಾಟಿಗೆ ಬಂದ ಹೊಲವನ್ನು ಉದ್ದಕ್ಕೆ ಎರಡು ಭಾಗ ಮಾಡಿ, ಒಂದರಲ್ಲಿ ಸೋಯಾ, ಸೆಣಬು ಅಥವಾ ಶೇಂಗಾ ಬೆಳೆದು ಅದರ ಸೊಪ್ಪನ್ನು ನೆಲಕ್ಕೇ ಬಿಟ್ಟು, ಇನ್ನೊಂದರಲ್ಲಿ ರೂಢಿಯಂತೆ ಉತ್ತು ಹಾಗೆಯೇ ಕಾಯಬೇಕು. ಎರಡಕ್ಕೂ ಒಂದೇ ತಳಿಯ ತುಂಡನ್ನು ಒಂದೇ ದಿನ ನೆಡಬೇಕು. ಮೂರು ನಾಲ್ಕು ತಿಂಗಳ ಹೊತ್ತಿಗೆ ಎರಡೂ ಕಡೆ ಹತ್ತು ಹತ್ತು ಮೀಟರ್ ಸಾಲಿನ ಮರಿಗಳನ್ನು ಎಣಿಸಿ, ಒಂದೊಂದು ಬುಡವನ್ನು ಅಗೆದು ಬೇರು ನೋಡಬೇಕು. ಕಟಾವಿನಲ್ಲಿ ಎರಡೂ ಭಾಗದ ಗಾಡಿಗಳನ್ನು ಬೇರೆ ಬೇರೆ ತೂಗಿಸಿ ಚೀಟಿ ಇಟ್ಟುಕೊಳ್ಳಬೇಕು. ತನಿ ಬೆಳೆಯ ಚೀಟಿ ಮಾತ್ರ ಸಾಲದು, ಮೊದಲ ಕೂಳೆಯ ಚೀಟಿಯನ್ನೂ ಸೇರಿಸಿ ಲೆಕ್ಕ ಹಾಕಬೇಕು, ಏಕೆಂದರೆ ಬೀಳಿನ ಆರು ತಿಂಗಳ ಖರ್ಚು ಮರಳಿ ಬಂತೋ ಇಲ್ಲವೋ ಎಂಬುದು ಗೊತ್ತಾಗುವುದು ಅಲ್ಲಿ.